ಅಂಪೈರ್ ಕಾರ್ಡ್ ಇತ್ತೇ?

ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳಲ್ಲಿ ಒಬ್ಬ ಅಂಪೈರ್ ಕೂಡ ಇದ್ದ ಎಂದು ಮೊದಲು ಹೇಳಿದವನು ನಾನು. ಈ ಇಡೀ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ. ಹೇಳಿದ್ದು ಇಂದಿರಾನಗರದ ಒಂದು ಪಾರ್ಕಿನಲ್ಲಿ, ಒಂದು ಭಾನುವಾರದ ಬೆಳಿಗ್ಗೆ. ಇಸವಿ ಎರಡು ಸಾವಿರ ದಾಟಿತ್ತು. ಎಷ್ಟು ದಾಟಿತ್ತು ಎಂದು ಕೇಳಿದರೆ ಭಾಯ್ ಒಂದು ಉತ್ತರ ಕೊಡುತ್ತಾರೆ, ನಾನು ಇನ್ನೊಂದು.

ಆ ಪಾರ್ಕಿಗೆ ಭಾನುವಾರಗಳಂದು ಅಂಚೆಚೀಟಿ ಸಂಗ್ರಹಿಸುವವರು, ಹಳೆಯ ನಾಣ್ಯ ಸಂಗ್ರಹಿಸುವವರು ಬರುತ್ತಿದ್ದರು. ಮರದ ನೆರಳಿನ ಒಳ್ಳೆಯ ಬೆಂಚುಗಳೆಲ್ಲ ಅವರವು. ಕ್ರಿಕೆಟ್ ಕಾರ್ಡಿನವರು ನಾವು ನಾಲ್ಕೈದು ಜನ, ಮಕ್ಕಳ ಜಾರುಬಂಡೆಯ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅಂಚೆಚೀಟಿಯವರು ಮೊದಮೊದಲು ನಮ್ಮನ್ನು ಮಕ್ಕಳನ್ನು ಆಡಿಸಲು ಬಂದ ಅಪ್ಪಂದಿರು ಎಂದುಕೊಂಡು ನಗುತ್ತಾ ಮಾತಾಡಿಸುತ್ತಿದ್ದರು. ಜೊತೆಯಲ್ಲಿ ಮಕ್ಕಳೇ ಇಲ್ಲ ಎಂದು ಗೊತ್ತಾದ ಮೇಲೆ ಮಾತು ಕಡಿಮೆಯಾಯಿತು.

ಭಾಯ್ ನಮ್ಮಲ್ಲಿ ಹಿರಿಯರು. ಶಿವಾಜಿನಗರದಲ್ಲಿ ಹಳೆಯ ಸ್ಕೂಟರುಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದರು. ಅಪ್ಪನ ಕಾಲದ ಅಂಗಡಿ, ದೊಡ್ಡ ಗಂಟಲು, ಬಿಳಿ ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್. ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಎಂದು ತಿಳಿದ ದಿನದಿಂದ ಅವರು ನನ್ನನ್ನು ಎಂಎ ಸಾಹೇಬ್ರು ಎಂದೇ ಕರೆದರು. ಅದು ಮರ್ಯಾದೆಯೋ ಲೇವಡಿಯೋ ಎಂದು ನನಗೆ ಇವತ್ತಿಗೂ ತೀರ್ಮಾನಕ್ಕೆ ಬರಲಾಗಿಲ್ಲ. ನಾನಾಗ ಎರಡು ಕೆಲಸ ಬಿಟ್ಟು ಮೂರನೆಯದನ್ನು ಬಿಡುವ ಯೋಚನೆಯಲ್ಲಿದ್ದೆ. ಮರ್ಯಾದೆಗೆ ಅಂಥ ಕಾರಣವೇನೂ ಇರಲಿಲ್ಲ.

ನಾವು ಹುಡುಕುತ್ತಿದ್ದ ಕಾರ್ಡುಗಳು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಲಸೂರು, ಶಿವಾಜಿನಗರ, ಕೆ.ಆರ್. ಪುರದ ಕಡೆಯ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತಿದ್ದ ಒಂದು ಅಗ್ಗದ ಗಮ್ಮಿನವು. ಗಮ್ ಐದು ನಿಮಿಷಕ್ಕೆ ರಬ್ಬರಾಗುತ್ತಿತ್ತು. ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ರಟ್ಟಿನ ಚೂರು: ಮುಂದುಗಡೆ ಆಟಗಾರನ ಬಣ್ಣದ ಚಿತ್ರ, ಕೆಳಗೆ ಪಟ್ಟಿಯಲ್ಲಿ ಹೆಸರು, ಹಿಂದುಗಡೆ ಏನೂ ಇಲ್ಲ. ದೊಡ್ಡ ಕಂಪನಿಗಳ ಕಾರ್ಡುಗಳಂತೆ ಇವುಗಳ ಮೇಲೆ ಸಂಖ್ಯೆ ಇರಲಿಲ್ಲ. ಗಮ್ ಮಾಡುತ್ತಿದ್ದವರು ಯಾವಾಗಲೋ ಬಾಗಿಲು ಹಾಕಿಕೊಂಡು ಹೋಗಿದ್ದರು. ಒಟ್ಟು ಎಷ್ಟು ಕಾರ್ಡುಗಳನ್ನು ಅಚ್ಚು ಹಾಕಿದ್ದರು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಅಂದರೆ, ಒಬ್ಬನ ಹತ್ತಿರ ಎಲ್ಲವೂ ಇವೆ ಎಂದು ಯಾವತ್ತೂ ಸಾಬೀತಾಗುವುದಿಲ್ಲ. ಇಲ್ಲದ್ದೊಂದನ್ನು ಯಾರೂ ಹೆಸರಿಸದಿದ್ದರೆ, ಎಲ್ಲವೂ ಇವೆ ಎಂದುಕೊಳ್ಳಬೇಕು, ಅಷ್ಟೆ.

ಆ ಭಾನುವಾರ ಭಾಯ್ ಸ್ವೀಟ್ ಡಬ್ಬಿ ತಂದಿದ್ದರು. ವಿಸಿಟಿಂಗ್ ಕಾರ್ಡುಗಳನ್ನು ಇಡುವ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್ಮಿನಲ್ಲಿ ತಮ್ಮ ಕಾರ್ಡುಗಳನ್ನು ದೇಶವಾರು ಜೋಡಿಸಿ, ಅದನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡರು.

"ಫುಲ್ ಸೆಟ್ಟು. ನಿನ್ನೆ ಲಾಸ್ಟ್ ಒಂದು ಸಿಕ್ತು. ಇದ್ರಲ್ಲಿ ಇಲ್ದೇ ಇರೋದು ಯಾರಾದ್ರೂ ಒಂದೇ ಒಂದು ಹೇಳಿ, ಈ ಡಬ್ಬಿ ವಾಪಸ್ ತಗೊಂಡು ಹೋಗ್ತೀನಿ," ಎಂದರು.

ನಾನು ಹಾಳೆ ತಿರುಗಿಸುತ್ತಾ ಹೋದೆ. ನನ್ನ ಬಾಯಿಂದ ಮಾತು ಬಂದದ್ದು ಯೋಚಿಸಿ ಅಲ್ಲ.

"ಅಂಪೈರ್ ಎಲ್ಲಿ ಭಾಯ್?"

"ಯಾವ ಅಂಪೈರು?"

"ಇದ್ದನಲ್ಲ, ಬೆರಳು ಎತ್ತಿ ನಿಂತಿರೋನು. ಸ್ವೆಟರ್ ಸೊಂಟಕ್ಕೆ ಕಟ್ಕೊಂಡಿರ್ತಾನೆ."

"ಕೋಟು ಬಿಳೀದಾ?"

"ಹೂಂ, ಬಿಳೀದು," ಎಂದೆ.

ಭಾಯ್ ನನ್ನ ಮುಖ ನೋಡಿದರು, ಆಲ್ಬಮ್ ನೋಡಿದರು, ಆಮೇಲೆ ಸ್ವೀಟ್ ಡಬ್ಬಿಯ ಮುಚ್ಚಳ ಹಾಕಿದರು. ಅದಾಗಲೇ ಒಂದು ಜಹಾಂಗೀರ್ ಕೈಗೆತ್ತಿಕೊಂಡಿದ್ದ, ನಮ್ಮ ಗುಂಪಿನ ಕೆ.ಆರ್. ಪುರದ ಗೆಳೆಯ ಅದನ್ನು ತಿನ್ನಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ಕೂತ.

ಒಂದು ಕಾರ್ಡಿಗೆ ಅಷ್ಟೊಂದೇಕೆ ಎಂದು ನಾನು ಆಮೇಲೆ ಅವರ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೇಳಿದೆ. ಭಾಯ್ ಒಂದು ಕಾರ್ಬೊರೇಟರ್ ಬಿಚ್ಚುತ್ತಿದ್ದರು.

"ಮನೇಲಿ ನಂಗೆ ಏನಂತ ಕರೀತಾರೆ ಗೊತ್ತಾ? ಆಧಾ. ಅರ್ಧ. ಎಸ್ಸೆಸ್ಸೆಲ್ಸಿ ಆಧಾ, ಡ್ರೈವಿಂಗ್ ಕ್ಲಾಸ್ ಆಧಾ. ಮೇಲ್ಗಡೆ ಒಂದು ರೂಮ್ ಕಟ್ಸೋಕೆ ಶುರು ಮಾಡ್ದೆ, ಗೋಡೆ ಬಂತು, ಛತ್ ಬರ್ಲಿಲ್ಲ, ತಾರ್ಸಿನೇ ಇಲ್ಲ. ನನ್ ಮಗಳು ಚಿಕ್ಕದು, ಅದೂ ಅಪ್ಪನ್ನ ಆಧಾ ಅಬ್ಬಾ ಅನ್ನುತ್ತೆ. ಈ ಗಮ್ ಕಾರ್ಡ್ ಒಂದಾದ್ರೂ ಫುಲ್ ಮಾಡಿ ಮುಖಕ್ಕೆ ಹಿಡಿಯೋಣ ಅಂದ್ಕೊಂಡಿದ್ದೆ. ಹಿಡಿದೂ ಬಿಟ್ಟಿದ್ದೆ. ಸ್ವೀಟು ಮನೇಲೂ ಹಂಚಿದ್ದೆ."

"ನಂಗೆ ತಪ್ಪು ನೆನಪಿರಬಹುದು ಭಾಯ್."

"ಸ್ವೆಟರ್ ಸೊಂಟಕ್ಕೆ ಕಟ್ಟಿದ್ದ ಅಂದ್ರಲ್ಲ. ತಪ್ಪು ನೆನಪಿಗೆ ಸ್ವೆಟರ್ ಎಲ್ಲಿಂದ ಬರುತ್ತೆ?"

ಎಲ್ಲಿಂದ ಬೇಕಾದರೂ ಬರುತ್ತದೆ ಎಂಬುದನ್ನು ನಾನು ಎರಡು ವರ್ಷ ಓದಿದ್ದೆ. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ. ಪ್ರತಿ ಸಲ ಕೇಳಿದಾಗಲೂ ಹೊಸದಾಗಿ ಬಿಡಿಸುವ ಚಿತ್ರ. ಕೇಳುವವನ ಪ್ರಶ್ನೆಯೂ ಅದರೊಳಗೆ ಸೇರಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಪುಟಗಟ್ಟಲೆ ಬರೆದಿದ್ದೆ. ಆದರೆ ಅದು ನನ್ನೊಳಗೇ ನಡೆಯುವುದನ್ನು ನೋಡಿದ್ದು ಆ ಅಂಪೈರಿನ ವಿಷಯದಲ್ಲೇ. ಕೋಟು ಬಿಳಿ ಎಂದು ನನಗೆ ಮೊದಲಿನಿಂದ ಗೊತ್ತಿತ್ತೇ, ಅಥವಾ ಭಾಯ್ ಕೇಳಿದ ಮೇಲೆ ಬಿಳಿಯಾಯಿತೇ? ಕಣ್ಣು ಮುಚ್ಚಿದರೆ ಈಗ ಅದು ಬಿಳಿಯೇ. ಭಾಯ್ ಕೇಳುವ ಮುಂಚಿನ ಅಂಪೈರನ್ನು ನೋಡಲು ನನಗೆ ದಾರಿಯೇ ಉಳಿದಿರಲಿಲ್ಲ.

ಎರಡು ಮೂರು ವಾರ ಕಳೆಯಿತು. ಜಹಾಂಗೀರ್ ಹಿಡಿದು ಕೂತಿದ್ದ ಗೆಳೆಯ ಕಟ್ಟೆಯ ಮೇಲೆ ಕೂತವನೇ, "ಗುರು, ಆ ಅಂಪೈರ್ ಕಾರ್ಡ್ ನಾನೂ ನೋಡಿದ್ದೀನಿ ಕಣೋ. ನಮ್ಮ ಕ್ಲಾಸಲ್ಲಿ ಒಬ್ಬನ ಹತ್ರ ಇತ್ತು. ದೊಡ್ಡ ಟೋಪಿ ಹಾಕಿದ್ದ," ಎಂದ. ಟೋಪಿಯ ಮಾತನ್ನು ನಾನು ಎತ್ತಿರಲಿಲ್ಲ. ಆದರೆ ಅವತ್ತು ಸಂಜೆಯಿಂದ ನನ್ನ ಅಂಪೈರಿನ ತಲೆಯ ಮೇಲೂ ಟೋಪಿ ಬಂತು. ಮುಂದಿನ ತಿಂಗಳು ಇನ್ನೊಬ್ಬರು, ತಮ್ಮ ಸೋದರಮಾವನ ಮಗ ಆ ಕಾರ್ಡಿಗೆ ಬದಲಾಗಿ ಐದು ಫಾಸ್ಟ್ ಬೌಲರುಗಳನ್ನು ಕೊಟ್ಟಿದ್ದನ್ನು ಜ್ಞಾಪಿಸಿಕೊಂಡರು. ಮಾರತ್ತಹಳ್ಳಿಯಿಂದ ಒಮ್ಮೆ ಮಾತ್ರ ಬಂದುಹೋದ ಒಬ್ಬಾತ, ಆ ಕಾರ್ಡ್ ಕಮ್ಮಿ ಅಚ್ಚಾಗಿತ್ತು, ಅದಕ್ಕೇ ಸಿಗುವುದಿಲ್ಲ ಎಂದು ಕಾರಣವನ್ನೂ ಒದಗಿಸಿದ.

"ನೋಡಿ, ಮೂರು ಜನ ನೋಡಿದ್ದಾರೆ," ಎಂದರು ಭಾಯ್.

"ಮೂರೂ ಜನ ನನ್ನ ಬಾಯಿಂದ ಕೇಳಿದ ಮೇಲೇ ನೋಡಿದ್ದು."

"ಅಂದ್ರೆ ಸುಳ್ಳು ಹೇಳ್ತಾರಾ?"

"ಇಲ್ಲ ಭಾಯ್. ಅವರಿಗೆ ನಿಜವಾಗ್ಲೂ ನೆನಪಿದೆ. ಅದೇ ಕಷ್ಟ."

"ಒಂದು ಸಲ ಇತ್ತು ಅಂತೀರಿ, ಒಂದು ಸಲ ಇರ್ಲಿಲ್ಲ ಅಂತೀರಿ."

"ಇರ್ಲಿಲ್ಲ ಅಂತ ಹೇಳಿಲ್ಲ. ಇತ್ತು ಅಂತ ಹೇಳೋಕೆ ಆಗಲ್ಲ, ಅಷ್ಟೇ."

"ಅರೆ, ಎಂಎ ಸಾಹೇಬ್ರೆ! ಕಾರ್ಡು ಇದ್ರೆ ಇರ್ಬೇಕು, ಇಲ್ಲಾಂದ್ರೆ ಇರ್ಬಾರ್ದು. ನಿಮ್ ತಲೇಲಿ ಮಾತ್ರ ಇರೋಕೆ ಅದೇನು ಜ್ವರಾನಾ?"

ಭಾಯ್ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಒಂದು ಜೇಬನ್ನು ಖಾಲಿ ಬಿಟ್ಟರು. ಅದು ತುಂಬುವ ತನಕ ತಮ್ಮ ಹತ್ತಿರವಿದ್ದ ಒಂದಕ್ಕಿಂತ ಹೆಚ್ಚಿನ ಪ್ರತಿಗಳನ್ನು ಯಾರಿಗೂ ಬದಲಿ ಕೊಡುವುದಿಲ್ಲ ಎಂದರು. ಅವು ಒಂದು ಬಿಸ್ಕತ್ ಡಬ್ಬಿಯ ತುಂಬ ಇದ್ದವು. ಅಂಪೈರ್ ಕಾರ್ಡ್ ಇದ್ದವನು ಎಲ್ಲಾದರೂ ಎದುರಾದರೆ ಇಡೀ ಡಬ್ಬಿಯನ್ನೇ ಮುಂದಿಡಬೇಕಾಗಬಹುದು ಎಂಬ ಲೆಕ್ಕ. ನನಗೆ ಬೇಕಾಗಿದ್ದ ಒಬ್ಬ ವಿಕೆಟ್ ಕೀಪರ್ ಆ ಡಬ್ಬಿಯಲ್ಲೇ ಇದ್ದ, ಒಬ್ಬನಲ್ಲ, ಇಬ್ಬರು. ಕೇಳಿದರೆ, "ಮೊದ್ಲು ಅಂಪೈರ್ ತನ್ನಿ," ಎನ್ನುತ್ತಿದ್ದರು.

ಅವರು ಹುಡುಕಿದರು. ಶಿವಾಜಿನಗರದ ಗುಜರಿಗಳಲ್ಲಿ ಹಳೆಯ ಸ್ಕೂಲ್ ಬ್ಯಾಗು, ಜಾಮಿಟ್ರಿ ಬಾಕ್ಸು ಬಂದರೆ ತಮಗೆ ಹೇಳಿಕಳಿಸಬೇಕೆಂದು ಹೇಳಿಟ್ಟಿದ್ದರು. ಕಲ್ಯಾಣ ನಗರದಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದಾರೆ, ಅವರ ಮಗ ಆ ಕಾಲದವನು ಎಂದು ಕೇಳಿ ಅಂಗಡಿ ಅರ್ಧಕ್ಕೆ ಮುಚ್ಚಿ ಹೋಗಿದ್ದರು. ಇದು ಐದಾರು ವರ್ಷ ನಡೆಯಿತು. ನಾನು ಆ ನಡುವೆ ಮೂರನೆಯ ಕೆಲಸ ಬಿಟ್ಟು, ಜನರ ಅಭಿಪ್ರಾಯ ಕೇಳುವ ಒಂದು ಸರ್ವೇ ಕಂಪನಿ ಸೇರಿದ್ದೆ. ಪ್ರಶ್ನೆಯನ್ನು ಒಂದು ರೀತಿ ಕೇಳಿದರೆ ಒಂದು ಉತ್ತರ, ಇನ್ನೊಂದು ರೀತಿ ಕೇಳಿದರೆ ಇನ್ನೊಂದು ಉತ್ತರ ಬರುವುದನ್ನು ದಿನವೂ ನೋಡುತ್ತಿದ್ದೆ. ನೋಡಿದಷ್ಟೂ ನನ್ನ ಅಂಪೈರ್ ಮಸುಕಾಗಬೇಕಿತ್ತು. ಅವನು ಮಾತ್ರ ದಿನೇದಿನೇ ಸ್ಪಷ್ಟವಾದ. ಕೊನೆಕೊನೆಗೆ ಅವನ ಅಂಗಿಯ ಗುಂಡಿಗಳೂ ಕಾಣತೊಡಗಿದವು.

ಒಂದು ದಿನ ಅಮ್ಮನನ್ನು ನೋಡಲು ಹಲಸೂರಿಗೆ ಹೋಗಿದ್ದೆ. ನಾವು ಬೆಳೆದ ಸಾಲುಮನೆ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿತ್ತು. ಅಮ್ಮ ಇನ್ನೂ ಅಲ್ಲೇ ಇದ್ದಳು. ಅವರೆಕಾಯಿ ಸುಲಿಯುತ್ತಿದ್ದಳು. ನಾನು, ಬೇಕೆಂದೇ, ಅಂಪೈರ್ ಎಂಬ ಪದ ಬಳಸದೆ ಕೇಳಿದೆ: "ನಾನು ಚಿಕ್ಕೋನಿದ್ದಾಗ ಗಮ್ ಕಾರ್ಡ್ ಆಡ್ತಿದ್ವಲ್ಲ, ನನ್ನ ಹತ್ರ ಯಾವ್ಯಾವ ಕಾರ್ಡ್ ಇತ್ತು ಅಂತ ನೆನಪಿದ್ಯಾ?"

"ನಿನ್ನ ಹತ್ರ ಎಲ್ಲಿತ್ತೋ ಕಾರ್ಡು? ತಗೊಂಡಿದ್ದೆಲ್ಲ ಸಂಜೆ ಹೊತ್ತಿಗೆ ಸೋತು ಬರ್ತಿದ್ದೆ. ಆಮೇಲೆ ಆ ಕೊನೇ ಮನೆ ಹುಡುಗಿ ಪಕ್ಕದಲ್ಲಿ ಮುಖ ಊದಿಸ್ಕೊಂಡು ಕೂರ್ತಿದ್ದೆ. ಅದೇ, ನಿಮ್ಮ ಅಂಪೈರಮ್ಮ."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಕೊನೆಯ ಮನೆ, ತಮಿಳು ಮಾತಾಡುವ ಸಂಸಾರ, ಎರಡು ಜಡೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳು ನೆನಪಿಲ್ಲ ಎಂದಲ್ಲ. ಅಷ್ಟು ವರ್ಷ ಆ ಕಾರ್ಡನ್ನು ಯಾವ ಕೈ ಹಿಡಿದಿತ್ತು ಎಂದು ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಕಾರ್ಡನ್ನು ಮಾತ್ರ ನೋಡಿ, ಕೈಯನ್ನು ಬಿಟ್ಟಿದ್ದೆ.

"ಅವಳು ಈಗೆಲ್ಲಿದ್ದಾಳೆ?"

"ರಾಮಮೂರ್ತಿ ನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಅವಳಮ್ಮ ದೇವಸ್ಥಾನಕ್ಕೆ ಬಂದಾಗ ಹೇಳ್ತಿರ್ತಾರೆ. ಯಾಕೋ, ಈಗ ಸೋತಿದ್ದೆಲ್ಲ ವಾಪಸ್ ಕೇಳ್ತೀಯಾ?"

ಭಾಯಿಗೆ ಹೇಳದೆ ನಾನೊಬ್ಬನೇ ಮೊದಲು ಹೋಗಿ ಬರಬೇಕಿತ್ತು. ಸಾಕ್ಷಿಯನ್ನು ಮಾತಾಡಿಸುವಾಗ, ಉತ್ತರ ಬೇಕಾದವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಾರದು. ಆದರೆ ಫೋನಿನಲ್ಲಿ ನನ್ನ ದನಿ ಕೇಳಿಯೇ ಭಾಯ್, "ಸಿಕ್ತಾ?" ಎಂದುಬಿಟ್ಟರು. ಮಾರನೆಯ ದಿನ ಆಲ್ಬಮ್ಮನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸ್ಕೂಟರಿನಲ್ಲಿ ಬಂದರು. ನಾನು ಹಿಂದೆ ಕೂತೆ.

ಪಾರ್ಲರು ಒಂದು ಬಾಡಿಗೆ ಮನೆಯ ಮುಂದಿನ ಕೋಣೆ. ಬಾಗಿಲ ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂದು ಬರೆದಿತ್ತು. ಭಾಯ್ ಅದನ್ನು ಓದಿ ಎರಡು ಹೆಜ್ಜೆ ಹಿಂದೆ ಸರಿದು, ರಸ್ತೆಯಲ್ಲಿ ನಿಂತ ಒಂದು ಆಟೋವನ್ನು ಆಸಕ್ತಿಯಿಂದ ನೋಡತೊಡಗಿದರು. ನಾನು ಬಾಗಿಲ ಹತ್ತಿರ ನಿಂತು ಹಲಸೂರಿನ ಗಲ್ಲಿಯ ಹೆಸರು ಹೇಳಿದೆ. ಪರದೆ ಸರಿಸಿ ಒಬ್ಬ ಹೆಂಗಸು ಬಂದರು. ಜಡೆ ಇರಲಿಲ್ಲ, ಕತ್ತಿನ ತನಕ ಕತ್ತರಿಸಿದ ಕೂದಲು. ಗುರುತು ಹಿಡಿದದ್ದು ಅವಳೇ.

"ಅಯ್ಯೋ ನೀನಾ! ಅಳುಬುರುಕ! ಬಾರೋ ಒಳಗೆ. ಯಾರು ಅವರು, ಆಟೋ ನೋಡ್ತಿರೋರು?"

"ನನ್ನ ಸ್ನೇಹಿತರು ಅಕ್ಕ. ಭಾಯ್ ಅಂತ."

ಪಕ್ಕದ ಓಣಿಯಿಂದ ಮನೆಯ ನಡುಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಪಾರ್ಲರಿಗೂ ಅಲ್ಲಿಗೂ ನಡುವೆ ಒಂದು ಪರದೆ ಮಾತ್ರ. ಆಚೆ ಗಿರಾಕಿಯೊಬ್ಬರು ಮುಖಕ್ಕೆ ಲೇಪ ಹಾಕಿಸಿಕೊಂಡು ಒರಗಿದ್ದರು. "ಆಂಟಿ, ಅದು ಒಣಗೋವರೆಗೂ ಮಾತಾಡ್ಬೇಡಿ," ಎಂದು ಅಕ್ಕ ಪರದೆಯೊಳಗೆ ಹೇಳಿ ಬಂದಳು.

ನಾನು ಪ್ರಶ್ನೆಯನ್ನು ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅಂಪೈರ್ ಎನ್ನಬಾರದು, ಬಿಳಿ ಎನ್ನಬಾರದು, ಟೋಪಿ ಎನ್ನಬಾರದು. "ಅಕ್ಕ, ಆಗ ನಾವು ಕಾರ್ಡ್ ಬದಲಿ ಮಾಡ್ಕೊಳ್ಳುವಾಗ ನೀನು ಏನು ಮಾಡ್ತಿದ್ದೆ, ಸ್ವಲ್ಪ ಹೇಳು," ಎಂದೆ.

"ಏನೋ ಇದು, ಪೊಲೀಸ್ ಥರ ಕೇಳ್ತೀಯಾ? ನಾನು ಅಂಪೈರು. ಒಂದು ಕಾರ್ಡೂ ಇಲ್ಲದೋರೇ ಅಂಪೈರ್ ಆಗ್ಬೇಕು, ಅದು ರೂಲು. ಕಾರ್ಡ್ ಇದ್ರೆ ಅವನ ಕಡೆ ಇವನ ಕಡೆ ಆಗ್ಬಿಡ್ತಾರೆ ಅಂತ. ಬದಲಿ ಮಾಡೋರು ಇಬ್ರೂ ನನ್ನ ಕೈಯಲ್ಲಿ ಕಾರ್ಡ್ ಇಡ್ಬೇಕು. ನಾನು ಮೂರು ಸಲ ‘ಒಪ್ಪಿಗೇನಾ’ ಅಂತ ಕೇಳ್ಬೇಕು. ಮೂರು ಸಲ ಹೂಂ ಅಂದ್ಮೇಲೆ ಅತ್ರೂ ವಾಪಸ್ ಇಲ್ಲ. ನೀನು ನಾಲ್ಕನೇ ಸಲ ಅಳ್ತಿದ್ದೆ."

ಪರದೆಯ ಆಚೆಯಿಂದ ಮುಚ್ಚಿದ ಬಾಯಿಯ ನಗು ಕೇಳಿಸಿತು.

"ನಾನು ಪಾತ್ರೆ ತೊಳೆಯೋಕೋ ಟ್ಯೂಷನ್‌ಗೋ ಹೋಗ್ಬೇಕಾದ್ರೆ ಇನ್ಯಾರಾದ್ರೂ ಕಾರ್ಡ್ ಇಲ್ಲದೋರಿಗೆ ಅಂಪೈರ್ ಕಾರ್ಡ್ ಕೊಟ್ಟು ಹೋಗ್ತಿದ್ದೆ. ಅದು ಕೈಯಲ್ಲಿದ್ದೋರೇ ಅವತ್ತು ಅಂಪೈರು. ಜಾಸ್ತಿ ಸಲ ನಿನಗೇ ಕೊಡ್ತಿದ್ದೆ. ನೀನೇ ತಾನೆ ಎಲ್ಲ ಸೋತು ಕೂತಿರ್ತಿದ್ದೋನು."

ಭಾಯ್ ಕುರ್ಚಿಯ ತುದಿಗೆ ಬಂದಿದ್ದರು. "ಮೇಡಂ, ಆ ಅಂಪೈರ್ ಕಾರ್ಡು, ಗಮ್ ಒಳಗಿಂದ ಬಂತಾ?"

"ಇಲ್ಲಪ್ಪ. ನಾನೇ ಮಾಡಿದ್ದು."

ಭಾಯ್ ನನ್ನ ಕಡೆ ತಿರುಗಿದರು. ಆ ನೋಟವನ್ನು ವರ್ಣಿಸಲು ಹೋಗುವುದಿಲ್ಲ. ಅಕ್ಕ ಎದ್ದು, ಬೀರುವಿನ ಕೆಳಗಿನ ಡ್ರಾಯರಿನಲ್ಲಿ ರಿಬ್ಬನ್ನು, ಒಡೆದ ಬಳೆ, ಹಳೆಯ ಬಿಂದಿ ಪ್ಯಾಕೆಟ್ಟುಗಳನ್ನು ಸರಿಸಿ, ಒಂದು ರಟ್ಟಿನ ಚೂರನ್ನು ತೆಗೆದು ಮೇಜಿನ ಮೇಲಿಟ್ಟಳು.

ಅಂಪೈರ್ ಇದ್ದ. ಆದರೆ ಬೆರಳು ಎತ್ತಿರಲಿಲ್ಲ. ವೈಡ್ ಕೊಡುವವನಂತೆ ಎರಡೂ ತೋಳು ಚಾಚಿದ್ದ. ನ್ಯೂಸ್ ಪೇಪರಿನಿಂದ ಕತ್ತರಿಸಿ ಅಂಟಿಸಿದ ಕಪ್ಪುಬಿಳುಪು ಚಿತ್ರ. ಹಳದಿಯಾಗಿದ್ದ ಕೋಟಿಗೆ ಯಾವ ಬಣ್ಣವಿತ್ತೋ ಹೇಳುವಂತಿರಲಿಲ್ಲ. ಟೋಪಿ ಇತ್ತು, ಬಾಲ್‌ಪೆನ್ನಿನಿಂದ ಗೀಚಿ ನೀಲಿ ಮಾಡಿದ ಟೋಪಿ. ಸೊಂಟದಲ್ಲಿ ಸ್ವೆಟರ್ ಇತ್ತು. ಎಷ್ಟು ಹೊತ್ತು ನೋಡಿದರೂ ನನಗೆ ಸಂತೋಷವಾಗಬೇಕೋ ಅವಮಾನವಾಗಬೇಕೋ ತಿಳಿಯಲಿಲ್ಲ. ನಾನು ಇದ್ದದ್ದನ್ನೇ ನೆನಪಿಟ್ಟಿದ್ದೆ. ಎಲ್ಲಿಂದ ಬಂದದ್ದು ಎಂಬುದನ್ನು ಮಾತ್ರ ಮರೆತು, ಆ ಜಾಗಕ್ಕೆ ಒಂದು ಗಮ್ ಕಂಪನಿಯನ್ನು ತಂದು ಕೂರಿಸಿದ್ದೆ. ಬೆರಳನ್ನು ಯಾವಾಗ ಎತ್ತಿಸಿದೆನೋ!

"ಯಾಕೆ ಇಟ್ಕೊಂಡಿದ್ದೀಯ ಅಕ್ಕ ಇದನ್ನ?"

"ನೀವು ಹುಡುಗ್ರು ನನ್ನ ಆಟಕ್ಕೆ ಸೇರಿಸ್ಕೊಳ್ಲಿಲ್ವಲ್ಲ. ಅಂಪೈರ್ ಆಗು ಅಂದ್ರಿ. ಇದೊಂದೇ ನನ್ ಕಾರ್ಡು," ಎಂದಳು. ದೂರುವ ದನಿಯಲ್ಲ, ಅಂಗಡಿಯ ವೇಳೆ ಹೇಳುವಂತೆ.

ಭಾಯ್ ದೊಡ್ಡದಾಗಿ ಉಸಿರು ಬಿಟ್ಟರು. "ಅಂದ್ರೆ ಕಂಪನಿ ಅಂಪೈರ್ ಅಚ್ಚೇ ಹಾಕಿಲ್ಲ. ಅಂದ್ರೆ ಆವತ್ತೇ ನನ್ ಸೆಟ್ಟು ಫುಲ್ ಆಗಿತ್ತು. ಇಷ್ಟು ವರ್ಷ ನಾನು ಫುಲ್ ಇಟ್ಕೊಂಡೇ ಆಧಾ ಅನ್ನಿಸ್ಕೊಂಡೆ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಗುತ್ತಲೇ ಕಾರ್ಡನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. ನಗು ನಿಂತಿತು. "ಮೇಡಂ, ಈ ರಟ್ಟು ಯಾವ್ದು? ಇದು ಗಮ್ ರಟ್ಟೇ. ಹಿಂದೆ ಖಾಲಿ ಇದೆ. ಮುಂದೆ ಅಂಟಿಸಿದ್ದೀರಾ?"

"ಹೂಂ. ಖಾಲಿ ಇರೋ ಕಡೆ ಅಂಟಿಸಿದ್ರೆ ಈಚೆ ಕಡೆ ಆಟಗಾರ ಹಾಗೇ ಉಳ್ಕೊತಾನಲ್ಲ. ಬೆನ್ನಿಗೆ ಆಟಗಾರ ಇದ್ರೆ ಅಂಪೈರು ಅವನ ಕಡೆಯವನಾಗ್ಬಿಡ್ತಾನೆ. ಅದಕ್ಕೆ ಅವನ ಮುಖದ ಮೇಲೇ ಅಂಟಿಸ್ದೆ."

"ಯಾವ ಆಟಗಾರ?"

"ಯಾರಿಗೆ ಗೊತ್ತು? ಚರಂಡಿ ಪಕ್ಕ ಬಿದ್ದಿತ್ತು, ಎತ್ಕೊಂಡೆ."

ಮೂವರೂ ಆ ಚೂರನ್ನು ನೋಡುತ್ತಾ ಕೂತೆವು. ಭಾಯ್ ಏನು ಯೋಚಿಸುತ್ತಿದ್ದಾರೆಂದು ಕೇಳಬೇಕಿರಲಿಲ್ಲ. ಅಂಪೈರಿನ ಅಡಿಯಲ್ಲಿರುವವನು ಆಲ್ಬಮ್ಮಿನಲ್ಲಿ ಇರುವವನೇ ಆದರೆ ಸೆಟ್ ತುಂಬಿದೆ. ಇಲ್ಲದವನಾದರೆ ಮತ್ತೆ ಆಧಾ. ನೋಡದೆ ಹಾಗೇ ಹೋಗಿಬಿಡಬಹುದಿತ್ತು. ಅವರು ಒಂದು ಸಲ ಬಾಗಿಲ ಕಡೆ ನೋಡಿದ್ದೂ ಉಂಟು. ಆಮೇಲೆ ಕೇಳಿಯೇ ಬಿಟ್ಟರು.

"ಇದನ್ನ ಬಿಡಿಸಿದ್ರೆ ನಿಮಗೆ ಬೇಜಾರಾ?"

ಅಕ್ಕ ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡಳು. "ನನ್ ಅಂಪೈರು ಮೇಲಿನ ಪೇಪರ್ರು. ಅವನು ಹರೀಬಾರ್ದು, ಅಷ್ಟೇ. ಅಡಿಯಲ್ಲಿರೋನು ನನ್ನೋನಲ್ಲ. ಮೈದಾ ಗೋಂದು ಹಾಕಿದ್ದು, ಹಬೆಗೆ ಬಿಡುತ್ತೆ," ಎಂದು ಎದ್ದು ಪಾರ್ಲರಿನಿಂದ ಮುಖಕ್ಕೆ ಹಬೆ ಕೊಡುವ ಯಂತ್ರವನ್ನು ತಂದು ಮೇಜಿನ ಮೇಲಿಟ್ಟಳು. "ನಂಗೂ ನೋಡ್ಬೇಕು, ಯಾರು ಅಂತ."

ಯಂತ್ರ ಬುಸುಗುಟ್ಟತೊಡಗಿತು. ಅಕ್ಕ ಕಾರ್ಡನ್ನು ಹುಬ್ಬು ಕೀಳುವ ಚಿಮಟಿಗೆಯಲ್ಲಿ ಹಿಡಿದು ಹಬೆಯಲ್ಲಿ ತಿರುಗಿಸಿದಳು. ಭಾಯ್ ಜೇಬಿನ ಸ್ಕ್ರೂಡ್ರೈವರ್ ತೆಗೆದು ಸಹಾಯಕ್ಕೆ ಬಂದಾಗ ಅವರ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಪೇಪರಿನ ಒಂದು ಮೂಲೆ ಎದ್ದಿತು, ಆಮೇಲೆ ಒಂದು ತೋಳು. ಅಂಪೈರ್ ನಿಧಾನವಾಗಿ, ಇಡಿಯಾಗಿ ಕೈಗೆ ಬಂದ. ಅವನನ್ನು ಟಿಶ್ಯೂ ಪೇಪರಿನ ಮೇಲೆ ಮಲಗಿಸಿದಳು.

ರಟ್ಟಿನ ಮೇಲೆ ಉಳಿದದ್ದು ಕಡಿಮೆ. ಗೋಂದಿನ ಜೊತೆ ಬಣ್ಣವೂ ಬಂದುಬಿಟ್ಟಿತ್ತು. ಹಸಿರು ನೆಲ, ಅದರ ಮೇಲೆ ಬಾಗಿದ ಒಂದು ಬಿಳಿ ಆಕಾರ, ಮುಖದ ಜಾಗದಲ್ಲಿ ಕಂದು ಕಲೆ. ಕೆಳಗಿನ ಹೆಸರಿನ ಪಟ್ಟಿಯನ್ನು ಅಕ್ಕ ಆಗಲೇ ಅಂಪೈರಿನ ಅಳತೆಗೆ ಕತ್ತರಿಸಿ ಹಾಕಿದ್ದಳು.

"ಸಿಕ್ತಾ?" ಎಂದು ಪರದೆಯ ಆಚೆಯಿಂದ ತುಟಿ ಅಲ್ಲಾಡಿಸದ ದನಿ ಬಂತು.

"ಆಂಟಿ, ಮಾತಾಡ್ಬೇಡಿ, ಬಿರುಕು ಬಿಡುತ್ತೆ."

ಭಾಯ್ ಆಲ್ಬಮ್ ಬಿಚ್ಚಿದರು. ಪ್ರತಿ ಜೇಬಿನ ಪಕ್ಕದಲ್ಲೂ ಆ ಚೂರನ್ನು ಹಿಡಿದು, ಕಣ್ಣು ಕಿರಿದು ಮಾಡಿ, ಮುಂದಕ್ಕೆ ಹೋದರು. ಅವರ ಮೇಲುತುಟಿಯ ಮೇಲೆ ಬೆವರು ಬಂದಿತ್ತು. ಅದು ಹಬೆಯದ್ದೂ ಇರಬಹುದು. ಒಬ್ಬ ಎಡಗೈ ಬ್ಯಾಟ್ಸ್‌ಮನ್ ಮುಂದಕ್ಕೆ ಬಾಗಿ ಡ್ರೈವ್ ಮಾಡುವ ಕಾರ್ಡಿನ ಹತ್ತಿರ ನಿಂತರು. "ಇವ್ನೇ. ಭುಜ ನೋಡಿ," ಎಂದರು.

ನಾನು ನೋಡಿದೆ. ಭುಜ ಹೊಂದುತ್ತಿತ್ತು. ಆದರೆ ಬ್ಯಾಟ್ ಇರಬೇಕಾದ ಕಡೆ ನನಗೆ ಬರೀ ಹಸಿರು ಕಂಡಿತು. ಚೆಂಡು ಎಸೆದು ಮುಗಿಸಿ ಬಾಗಿದ ಬೌಲರ್ ಹಾಗಿದ್ದ.

"ನಂಗೆ ಕೀಪರ್ ಥರ ಕಾಣ್ತಿದೆ," ಎಂದಳು ಅಕ್ಕ.

"ಎಂಎ ಸಾಹೇಬ್ರೆ, ನೀವು ಹೇಳಿ."

ಇವನೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷ ಹುಡುಕಿಸಿದ್ದೂ ನನ್ನ ಅಂಥದ್ದೇ ಒಂದು ಮಾತು. ಬೌಲರ್ ಎಂದರೆ, ಭಾಯ್ ಇವತ್ತೇ ಆ ಬೌಲರನ್ನು ಹುಡುಕಲು ಹೊರಡುತ್ತಾರೆ. ಮುಂದಿನ ತಿಂಗಳು ಪಾರ್ಕಿನಲ್ಲಿ ಅವನನ್ನು ಕಂಡವರು ಮೂವರು ಸಿಗುತ್ತಾರೆ.

"ಗೊತ್ತಾಗ್ತಿಲ್ಲ ಭಾಯ್," ಎಂದೆ.

"ವಾಹ್! ಕಣ್ಮುಂದೆ ಇಲ್ದೇ ಇದ್ದಾಗ ಅವನ ಸ್ವೆಟರ್ ಕಂಡಿತ್ತು. ಕೈಯಲ್ಲಿ ಕೊಟ್ರೆ ಗೊತ್ತಾಗ್ತಿಲ್ಲ!"

ಅಕ್ಕ ಜೋರಾಗಿ ನಕ್ಕಳು. ಆಮೇಲೆ ಏನೋ ಹೊಳೆದವಳಂತೆ ಎದ್ದು ನಿಂತು, ಭಾಯಿಯ ಮುಂದೆ ಅಂಗೈ ಚಾಚಿದಳು. "ಇಡಿ ಇಲ್ಲಿ. ಇಬ್ಬರದ್ದೂ ಕಾರ್ಡ್ ಇದೆ, ಒಬ್ರು ಇವ್ನೇ ಅಂತೀರಿ, ಇನ್ನೊಬ್ರು ಗೊತ್ತಾಗ್ತಿಲ್ಲ ಅಂತೀರಿ. ನನ್ನ ಹತ್ರ ಒಂದೂ ಇಲ್ಲ. ನಾನು ಕೇಳ್ತೀನಿ, ನೀವೇ ಹೇಳಿ. ಸೆಟ್ ನಿಮ್ಮದು."

ಭಾಯ್ ಆ ಚೂರನ್ನೂ ಆಲ್ಬಮ್ಮಿನಿಂದ ತೆಗೆದ ಎಡಗೈ ಬ್ಯಾಟ್ಸ್‌ಮನ್ನನ್ನೂ ಅವಳ ಅಂಗೈಯಲ್ಲಿಟ್ಟರು.

"ಇಬ್ರೂ ಒಬ್ಬನೇನಾ?"

"ಹೌದು."

"ಇಬ್ರೂ ಒಬ್ಬನೇನಾ?"

ಭಾಯ್ ಈ ಸಲ ಬಗ್ಗಿ ಇನ್ನೊಮ್ಮೆ ನೋಡಿದರು. ತುಂಬ ಹೊತ್ತು ನೋಡಿದರು. ಅವರಿಗೂ ಬ್ಯಾಟ್ ಕಾಣಿಸುತ್ತಿಲ್ಲ ಎಂದು ನನಗೆ ಅನ್ನಿಸಿತು. ಇದು ನನ್ನ ಊಹೆ, ಇದನ್ನು ನಂಬಬೇಕಾಗಿಲ್ಲ.

"ಹೌದು," ಎಂದರು.

"ಕೊನೇ ಸಲ. ಆಮೇಲೆ ಅತ್ರೂ ವಾಪಸ್ ಇಲ್ಲ. ಇಬ್ರೂ ಒಬ್ಬನೇನಾ?"

"ಹೌದು ಮೇಡಂ. ಫುಲ್."

ಅಕ್ಕ ಎರಡನ್ನೂ ಅವರಿಗೆ ಕೊಟ್ಟಳು. ಭಾಯ್ ಅದಕ್ಕೆ ಬದಲಾಗಿ ಒಂದು ಒಳ್ಳೆಯ ಕಾರ್ಡ್ ತೆಗೆದುಕೊಳ್ಳಲು ಒತ್ತಾಯಿಸಿದರು. ಅವಳು ಒಪ್ಪಲಿಲ್ಲ. ಕಾರ್ಡ್ ಇಟ್ಟುಕೊಂಡರೆ ಅಂಪೈರ್ ಕೆಲಸ ಹೋಗುತ್ತದೆ ಎಂದಳು. ಆಮೇಲೆ ಗಿರಾಕಿಯ ಮುಖ ತೊಳೆಯಲು ಒಳಗೆ ಹೋದಳು. ಆ ಹೆಂಗಸು ಬಾಯಿ ಬಿಡಿಸಿಕೊಂಡ ಕೂಡಲೇ ಕೇಳಿದ ಮೊದಲ ಮಾತು, "ಯಾವ ಆಟಗಾರ ಅಂತೆ?"

ಮುಂದಿನ ಭಾನುವಾರ ಭಾಯ್ ಬಿಸ್ಕತ್ ಡಬ್ಬಿಯೊಂದಿಗೆ ಬಂದರು. ಆಲ್ಬಮ್ಮಿನ ಕೊನೆಯ ಹಾಳೆಯನ್ನೇ ಕತ್ತರಿಸಿ ತೆಗೆದುಬಿಟ್ಟಿದ್ದರು. ಮಗಳು ಈಗ ಏನೆಂದು ಕರೆಯುತ್ತಾಳೆ ಎಂದು ಕೇಳಿದ್ದಕ್ಕೆ, ಮೇಲಿನ ರೂಮಿಗೆ ಇನ್ನೂ ಛತ್ ಬಂದಿಲ್ಲವಲ್ಲ ಎಂದರು. ಡಬ್ಬಿಯ ಮುಚ್ಚಳ ತೆಗೆದದ್ದೇ ಕಟ್ಟೆಯ ಮೇಲೆ ಗದ್ದಲವಾಯಿತು. ಅಂಚೆಚೀಟಿಯವರು ಎದ್ದು ನಿಂತು ನೋಡಿದರು. ಕೆ.ಆರ್. ಪುರದ ಗೆಳೆಯ ತನ್ನ ಕ್ಲಾಸಿನ ಹುಡುಗನ ಅಂಪೈರನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಅದು ಬೇರೆ ಅಂಪೈರ್ ಇರಬಹುದು ಎಂದು ವಾದಿಸುತ್ತಿದ್ದ.

ಭಾಯ್ ಅವನಿಗೆ ಬೆನ್ನು ಮಾಡಿ, ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ನೋಡಿ ಎಂಎ ಸಾಹೇಬ್ರೆ. ಇನ್ನೇನಾದ್ರೂ ನೆನಪಾದ್ರೆ ನಂಗೆ ಹೇಳ್ಬೇಡಿ."

ರಾಮಮೂರ್ತಿ ನಗರದಿಂದ ವಾಪಸ್ ಬರುವಾಗ, ಸ್ಕೂಟರಿನ ಹಿಂದೆ ಕೂತಿದ್ದಾಗಲೇ, ನೀರಿನ ಬಾಟಲಿಗಳ ತಟ್ಟೆ ಹಿಡಿದು ಮೈದಾನಕ್ಕೆ ಓಡುತ್ತಿರುವ ಒಬ್ಬ ಹನ್ನೆರಡನೆಯ ಆಟಗಾರ ನನ್ನ ಕಣ್ಣ ಮುಂದೆ ಬಂದಿದ್ದ. ತಟ್ಟೆ ಕೆಂಪಗಿತ್ತು. ಗಮ್ಮಿನ ಕಾರ್ಡೋ, ಟಿವಿಯಲ್ಲಿ ಕಂಡದ್ದೋ, ಅಕ್ಕನ ಮನೆಯಿಂದ ಹೊರಟ ಮೇಲೆ ನಾನೇ ಬಿಡಿಸಿಕೊಂಡದ್ದೋ.

"ಇಲ್ಲ ಭಾಯ್, ಹೇಳಲ್ಲ," ಎಂದೆ. ಆಮೇಲೆ, ಆ ಇಬ್ಬರು ಕೀಪರುಗಳಲ್ಲಿ ಒಬ್ಬನನ್ನು ನನಗೆ ಕೊಟ್ಟರೆ ಬದಲಿಗೆ ಏನು ಬೇಕು ಎಂದು ಕೇಳಿದೆ.